ಹಳೆಯ ರೇಡಿಯೊಗೆ ಮನೆಯೊಳಗಿನ ಲೂಪ್ ಆಂಟೆನಾ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ಲೂಪ್ ಆಂಟೆನಾ ಕಟ್ಟುವುದು ದೊಡ್ಡ ಕೆಲಸವೇನಲ್ಲ. ಎರಡು ಮರದ ಪಟ್ಟಿ, ಒಂದಿಷ್ಟು ವೈರು, ಒಂದು ಗ್ಯಾಂಗ್ ಕಂಡೆನ್ಸರ್ (ಷಾಫ್ಟ್ ತಿರುಗಿಸಿ ಟ್ಯೂನ್ ಮಾಡುವ, ಪ್ಲೇಟುಗಳಿರುವ ಭಾಗ) ಇದ್ದರೆ ಸಾಕು. ಆದರೂ ಕಟ್ಟಿದವರಲ್ಲಿ ಬಹಳ ಮಂದಿ ‘ಏನೂ ವ್ಯತ್ಯಾಸ ಕಾಣಲಿಲ್ಲ’ ಅಂತ ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಅವರು ವೈರು ಸುತ್ತಿದ್ದರಲ್ಲಿ ತಪ್ಪಿರುವುದು ಕಡಿಮೆ. ಸುತ್ತುವ ಮೊದಲು ನೋಡಬೇಕಾದ್ದನ್ನು ನೋಡಿರುವುದಿಲ್ಲ. ರೇಡಿಯೊ ಯಾವ ಬಗೆಯದು, ಮನೆಯಲ್ಲಿ ಗದ್ದಲ ಎಲ್ಲಿಂದ ಬರುತ್ತಿದೆ, ಕೈಯಲ್ಲಿರುವ ಗ್ಯಾಂಗಿನ ಅಳತೆ ಎಷ್ಟು. ಈ ಮೂರು ಗೊತ್ತಾಗುವ ತನಕ ವೈರಿನ ಸುರುಳಿ ಬಿಚ್ಚಲೇಬೇಡಿ.

ಇಲ್ಲಿರುವುದು ಮೀಡಿಯಂ ವೇವ್ ಲೂಪ್. ಅಂದರೆ ಸುಮಾರು 530ರಿಂದ 1600 ಕಿಲೋಹರ್ಟ್ಸ್. 1000 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ 300 ಮೀಟರ್. ಅದರ ಕಾಲು ಭಾಗದ ವೈರು ಎಳೆಯುತ್ತೇನೆ ಅಂದರೂ 75 ಮೀಟರ್ ಬೇಕು, ಯಾವ ಕೋಣೆಯಲ್ಲೂ ಹಿಡಿಸುವುದಿಲ್ಲ. ಅದಕ್ಕೇ ವೈರನ್ನು ಚೌಕವಾಗಿ ಸುತ್ತಿ, ಗ್ಯಾಂಗ್ ಕಂಡೆನ್ಸರ್ ಕೂಡಿಸಿ, ಬೇಕಾದ ಸ್ಟೇಷನ್ನಿಗೆ ಟ್ಯೂನ್ ಮಾಡುತ್ತೇವೆ. ಚಿಕ್ಕದಾದರೂ ಟ್ಯೂನ್ ಆದ ಲೂಪು, ಸುಮ್ನೆ ಗೋಡೆಗುಂಟ ಎಳೆದ ವೈರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಗದ್ದಲವನ್ನೂ ಕಡಿಮೆ ಹಿಡಿಯುತ್ತದೆ.

## ಹಂತ 1: ರೇಡಿಯೊ ಯಾವ ಬಗೆಯದು ನೋಡಿ

ಪ್ಲಗ್ ಕಿತ್ತು, ಕೆಲವು ನಿಮಿಷ ಬಿಟ್ಟು, ಹಿಂಬದಿಯ ಮುಚ್ಚಳ ತೆಗೆಯಿರಿ. ಒಳಗೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕಂಡೆನ್ಸರುಗಳಲ್ಲಿ ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು. ಈಗ ಬೇಕಾಗಿರುವುದು ಕಣ್ಣು ಮಾತ್ರ.

ಮೂರರಲ್ಲಿ ಒಂದು ಕಾಣಿಸುತ್ತದೆ. ಒಂದು, ಹಿಂದೆ ‘ಎ’ ಮತ್ತು ‘ಇ’ ಅಂತ ಗುರುತಿರುವ ಎರಡು ಸಾಕೆಟ್: ಏರಿಯಲ್ (ಅಂದರೆ ಆಂಟೆನಾ) ಮತ್ತು ಅರ್ತ್. ಎರಡು, ಹಿಂಬದಿಯ ರಟ್ಟಿನ ಮೇಲೆ ಚಪ್ಪಟೆಯಾಗಿ ಸುತ್ತಿದ ವೈರು. ಇದು ಫ್ರೇಮ್ ಏರಿಯಲ್. ಮೂರು, ಸಣ್ಣ ಸುರುಳಿ ಸುತ್ತಿರುವ ಕಪ್ಪು ಕಡ್ಡಿ, ಅಂದರೆ ಫೆರೈಟ್ ರಾಡ್. ಎರಡನೆಯ ಮತ್ತು ಮೂರನೆಯ ಬಗೆಯ ಸೆಟ್ಟಿಗೆ ಲೂಪಿನಿಂದ ಒಂದೇ ಒಂದು ವೈರೂ ಹೋಗಬೇಕಾಗಿಲ್ಲ. ಹತ್ತಿರ ಇಟ್ಟರೆ ಸಾಕು. ಇದು ಗೊತ್ತಿಲ್ಲದೆ ಎಲ್ಲೋ ವೈರು ಸಿಕ್ಕಿಸಿ, ಒಳಗಿನ ಟ್ಯೂನಿಂಗ್ ಕೆಡಿಸಿಕೊಳ್ಳುವವರೇ ಜಾಸ್ತಿ.

ಷಾಸಿಯಲ್ಲಿ, ಅಂದರೆ ಒಳಗಿನ ಭಾಗಗಳನ್ನೆಲ್ಲ ಕೂರಿಸಿರುವ ಲೋಹದ ತಟ್ಟೆಯಲ್ಲಿ, ಕರೆಂಟ್ ಇದೆಯೇ? ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗಬೇಡಿ. ಹಳೆಯ ವಾಲ್ವ್ (ಗಾಜಿನ ಕೊಳವೆ) ರೇಡಿಯೊಗಳಲ್ಲಿ ‘ಎಸಿ/ಡಿಸಿ ಸೆಟ್’ ಅಂತ ಒಂದು ಬಗೆ ಇದೆ. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಮೇನ್ಸಿನ ಒಂದು ತಂತಿ ನೇರ ಲೋಹದ ಷಾಸಿಗೇ ಬರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಷಾಸಿಯೇ ಫೇಸ್ ಆಗಿಬಿಡುತ್ತದೆ.

ಪರೀಕ್ಷೆ ಹೀಗೆ. ಪ್ಲಗ್ ಗೋಡೆಯಿಂದ ಹೊರಗೇ ಇರಲಿ. ರೇಡಿಯೊದ ಸ್ವಿಚ್ ಮಾತ್ರ ಆನ್ ಮಾಡಿ. ಮಲ್ಟಿಮೀಟರನ್ನು ಓಮ್ಸ್‌ಗೆ ಇಟ್ಟು, ಕರೆಂಟ್ ಒಯ್ಯುವ ಒಂದೊಂದು ಪಿನ್ನಿಗೂ ಷಾಸಿಗೂ ನಡುವೆ ಅಳೆಯಿರಿ. ಎರಡರಲ್ಲಿ ಯಾವುದಾದರೂ ಷಾಸಿಗೆ ಕೂಡಿದಂತೆ ತೋರಿಸಿದರೆ ಅದು ಲೈವ್ ಷಾಸಿ. ಒಳಗೆ ಟ್ರಾನ್ಸ್‌ಫಾರ್ಮರ್ ಕಂಡಿತು ಅಂತ ನಿಶ್ಚಿಂತೆ ಬೇಡ. ಕೆಲವು ಸೆಟ್‌ಗಳಲ್ಲಿ ಇರುವುದು ಆಟೋ ಟ್ರಾನ್ಸ್‌ಫಾರ್ಮರ್. ಅದು ಮೇನ್ಸಿನಿಂದ ಷಾಸಿಯನ್ನು ಬೇರ್ಪಡಿಸುವುದಿಲ್ಲ. ಮೀಟರ್ ಹೇಳಿದ್ದನ್ನು ನಂಬಿ, ಕಣ್ಣು ಹೇಳಿದ್ದನ್ನಲ್ಲ.

ಲೈವ್ ಷಾಸಿಯಾದರೆ ಎರಡು ನಿಯಮ. ಅರ್ತ್ ವೈರನ್ನು ಷಾಸಿಗೆ ಕೊಡಲೇಬಾರದು. ಹಾಗೆಯೇ, ಏರಿಯಲ್ ಸಾಕೆಟ್ಟಿನ ಹಿಂದಿರುವ ಹಳೆಯ ಕಾಗದದ ಕಂಡೆನ್ಸರನ್ನು ನಂಬಬಾರದು. ವರ್ಷಗಳು ಕಳೆದಂತೆ ಅದು ಸೋರುತ್ತದೆ, ಆಗ ಏರಿಯಲ್ ವೈರಿಗೂ ಕರೆಂಟ್ ಬರುತ್ತದೆ. ಕೆಲಸ ಗೊತ್ತಿರುವವರಿಂದ ಎರಡೂ ಸಾಕೆಟ್‌ಗಳ ದಾರಿಯಲ್ಲಿ 1000 ಪಿಕೊಫ್ಯಾರಡ್‌ನ, ವೈ ದರ್ಜೆಯ (ಮೇನ್ಸಿನ ಶಾಕ್ ತಡೆಯಲೆಂದೇ ಮಾಡಿದ) ಸುರಕ್ಷತಾ ಕಂಡೆನ್ಸರ್ ಹಾಕಿಸಿ. ಅದಾಗುವ ತನಕ ಸಾಕೆಟ್ಟಿಗೆ ಏನನ್ನೂ ಸಿಕ್ಕಿಸಬೇಡಿ.

ವೈರು ಮುಟ್ಟಿದಾಗ ಬೆರಳಿಗೆ ಚುರ್ ಅಂದರೆ ‘ಸ್ವಲ್ಪ ತಾನೇ’ ಅನ್ನಬೇಡಿ. ಅಲ್ಲಿಗೇ ನಿಲ್ಲಿಸಿ, ಪ್ಲಗ್ ಕೀಳಿ.

## ಹಂತ 2: ಗದ್ದಲ ಎಲ್ಲಿಂದ ಬರುತ್ತಿದೆ ಹುಡುಕಿ

ಸೆಟ್ ಹಳೆಯದಾದರೂ ಮನೆ ಈ ಕಾಲದ್ದು. ಎಲ್ಇಡಿ ಬಲ್ಬು, ಮೊಬೈಲ್ ಚಾರ್ಜರ್, ರೂಟರಿನ ಅಡಾಪ್ಟರ್, ಟಿವಿ, ಫ್ಯಾನ್ ರೆಗ್ಯುಲೇಟರ್, ಇನ್ವರ್ಟರ್ ಎಲ್ಲವೂ ಮೀಡಿಯಂ ವೇವ್‌ನಲ್ಲಿ ಗುರ್ ಅನ್ನಬಲ್ಲವು. ಈ ಗದ್ದಲ ಇರುವಾಗ ಆಂಟೆನಾ ಎಷ್ಟು ದೊಡ್ಡದಾದರೂ ಗದ್ದಲವೂ ಅಷ್ಟೇ ದೊಡ್ಡದಾಗುತ್ತದೆ.

ಬ್ಯಾಟರಿಯ ಸಣ್ಣ ಟ್ರಾನ್ಸಿಸ್ಟರ್ ಒಂದನ್ನು ತಗೊಳ್ಳಿ. ಸ್ಟೇಷನ್ ಇಲ್ಲದ ಕಡೆ ಮುಳ್ಳು ನಿಲ್ಲಿಸಿ, ಮನೆಯ ಮೇನ್ ಸ್ವಿಚ್ಚನ್ನೂ, ಇನ್ವರ್ಟರ್ ಇದ್ದರೆ ಅದನ್ನೂ ಆಫ್ ಮಾಡಿ. ಗದ್ದಲ ಥಟ್ಟನೆ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಮತ್ತೆ ಆನ್ ಮಾಡಿ, ಒಂದೊಂದೇ ಪ್ಲಗ್ ಕೀಳುತ್ತಾ ಹೋಗಿ. ಎಷ್ಟೋ ಸಲ ಏನನ್ನೂ ಚಾರ್ಜ್ ಮಾಡದೆ ಸುಮ್ನೆ ಗೋಡೆಯಲ್ಲಿ ಕೂತಿರುವ ಚಾರ್ಜರೇ ಸಿಕ್ಕಿಬೀಳುತ್ತದೆ. ಮೇನ್ಸ್ ಆಫ್ ಮಾಡಿದರೂ ಗದ್ದಲ ಹಾಗೇ ಇದ್ದರೆ ಅದು ಹೊರಗಿನದು. ಅದಕ್ಕೆ ಲೂಪಿನಲ್ಲೇ ಮದ್ದಿದೆ, ಮುಂದೆ ಹೇಳುತ್ತೇನೆ.

ಹಾಗೇ ಟ್ರಾನ್ಸಿಸ್ಟರ್ ಹಿಡಿದು ಕೋಣೆಯಲ್ಲಿ ಓಡಾಡಿ, ಸ್ಟೇಷನ್ ಸ್ವಚ್ಛವಾಗಿ ಕೇಳುವ ಜಾಗ ಗುರುತಿಸಿಕೊಳ್ಳಿ. ಸಾಮಾನ್ಯವಾಗಿ ಅದು ಕಿಟಕಿಯ ಪಕ್ಕ ಇರುತ್ತದೆ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳು, ಕಬ್ಬಿಣದ ಬೀರು, ತಗಡಿನ ಬಾಗಿಲು ಸಿಗ್ನಲ್ ನುಂಗುತ್ತವೆ. ಗೋಡೆಯೊಳಗಿನ ವೈರಿಂಗಿನಿಂದ ಅರ್ಧ ಮೀಟರಾದರೂ ದೂರ ಇರುವ ಜಾಗ ಒಳ್ಳೆಯದು.

## ಹಂತ 3: ಸಾಮಾನು ಜೋಡಿಸಿಕೊಳ್ಳಿ, ಗ್ಯಾಂಗ್ ಪರೀಕ್ಷಿಸಿ

ಬೇಕಾದವು ಇವು:

- 95 ಸೆಂಟಿಮೀಟರ್ ಉದ್ದ, ಎರಡೂವರೆ ಸೆಂಟಿಮೀಟರ್ ಅಗಲದ ಮರದ ಪಟ್ಟಿ, 2
- 9 ಸೆಂಟಿಮೀಟರ್ ಉದ್ದದ ಸಣ್ಣ ಮರದ ತುಂಡು, 4
- ಪಿವಿಸಿ ಹೊದಿಕೆಯ ತಾಮ್ರದ ವೈರು, ಸುಮಾರು 36 ಮೀಟರ್, ಒಂದೇ ತುಂಡು
- ಗಾಳಿ ಗ್ಯಾಂಗ್ ಕಂಡೆನ್ಸರ್, 365 ಅಥವಾ 500 ಪಿಕೊಫ್ಯಾರಡ್
- ಪ್ಲಾಸ್ಟಿಕ್ ನಾಬ್, ಸಾಲ್ಡರಿಂಗ್ ಐರನ್, ಸಾಲ್ಡರ್, ಮಲ್ಟಿಮೀಟರ್, ಸಣ್ಣ ಗರಗಸ, ಮರದ ಗೋಂದು

ಎನಾಮಲ್ ವೈರೂ ನಡೆಯುತ್ತದೆ. ಆದರೆ ಅದರ ತುದಿ ಕೆರೆಯದೆ ಸಾಲ್ಡರ್ ಹಾಕಿ, ಕೂಡಿದೆ ಅಂದುಕೊಂಡು ಮೋಸ ಹೋಗುವವರು ತುಂಬಾ ಮಂದಿ. ಮೊದಲ ಲೂಪಿಗೆ ಪಿವಿಸಿ ವೈರೇ ವಾಸಿ. ವೈರು ದಪ್ಪ ಇರಬೇಕು ಅಂತೇನಿಲ್ಲ. ಒಳಗಿನ ತಾಮ್ರ ಅರ್ಧ ಮಿಲಿಮೀಟರ್ ಇದ್ದರೆ ಸಾಕು. ಅಲ್ಯೂಮಿನಿಯಂ ಬೇಡ, ಸಾಲ್ಡರ್ ಹಿಡಿಯುವುದಿಲ್ಲ.

ಇನ್ನು ಗ್ಯಾಂಗ್. ಇಡೀ ಲೂಪಿನಲ್ಲಿ ತೊಂದರೆ ಕೊಡುವ ಭಾಗ ಇದೊಂದೇ. ಅದನ್ನು ಬೆಳಕಿಗೆ ಹಿಡಿದು ಷಾಫ್ಟ್ ನಿಧಾನವಾಗಿ ತಿರುಗಿಸಿ. ತಿರುಗುವ ಪ್ಲೇಟುಗಳು ನಿಂತ ಪ್ಲೇಟುಗಳ ನಡುವೆ ಒಳಹೋಗುವಾಗ ಎರಡೂ ಬದಿಯಲ್ಲಿ ಬೆಳಕಿನ ಗೆರೆ ಒಂದೇ ಅಗಲ ಕಾಣಬೇಕು. ಎಲ್ಲಾದರೂ ಗೆರೆ ಮಾಯವಾದರೆ ಅಲ್ಲಿ ಪ್ಲೇಟು ಬಾಗಿ ತಾಗುತ್ತಿದೆ. ಧೂಳಿದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ಬಾಗಿದ ಪ್ಲೇಟನ್ನು ತೆಳ್ಳನೆಯ ರಟ್ಟಿನ ಚೂರಿನಿಂದ ಮೆಲ್ಲಗೆ ಸರಿಪಡಿಸಿ. ಆಮೇಲೆ ಮೀಟರನ್ನು ಕಂಟಿನ್ಯೂಟಿಗೆ ಇಟ್ಟು, ಮೀಟರಿನ ಒಂದು ವೈರಿನ ಮೊನೆ ಗ್ಯಾಂಗಿನ ಮೈಗೆ, ಇನ್ನೊಂದು ನಿಂತ ಪ್ಲೇಟಿನ ಟ್ಯಾಗಿಗೆ ಹಿಡಿದು ಪೂರ್ತಿ ತಿರುಗಿಸಿ. ಒಂದೇ ಒಂದು ‘ಬೀಪ್’ ಕೂಡ ಬರಬಾರದು.

ಗ್ಯಾಂಗಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಭಾಗ ಮಾತ್ರ ಸಾಕು. ಎರಡರ ಅಳತೆ ಬೇರೆಯಿದ್ದರೆ ಪ್ಲೇಟು ಹೆಚ್ಚಿರುವ ಭಾಗ ಬಳಸಿ. ಮೀಟರಿನಲ್ಲಿ ಕೆಪಾಸಿಟಿ (ಪಿಕೊಫ್ಯಾರಡ್ ಲೆಕ್ಕ) ಅಳೆಯುವ ಸೌಲಭ್ಯ ಇದ್ದರೆ ಪ್ಲೇಟುಗಳನ್ನು ಪೂರ್ತಿ ಒಳಹಾಕಿ ಅಳೆದು ಬರೆದಿಟ್ಟುಕೊಳ್ಳಿ, ಸುತ್ತಿನ ಲೆಕ್ಕ ಇದರ ಮೇಲೆಯೇ ನಿಂತಿದೆ. ಗ್ಯಾಂಗಿನ ಬದಿಯಲ್ಲಿ ಸಣ್ಣ ಸ್ಕ್ರೂ ಇರುವ ಟ್ರಿಮ್ಮರ್ (ಪುಟ್ಟ ಕಂಡೆನ್ಸರ್) ಇದ್ದರೆ ಆ ಸ್ಕ್ರೂ ಪೂರ್ತಿ ಸಡಿಲ ಮಾಡಿ.

ಪಾಕೆಟ್ ಟ್ರಾನ್ಸಿಸ್ಟರಿನ ಪ್ಲಾಸ್ಟಿಕ್ ಗ್ಯಾಂಗ್ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಅದರ ಎರಡೂ ಭಾಗ ಸೇರಿಸಿದರೂ ಸಾಮಾನ್ಯವಾಗಿ 200 ಪಿಕೊಫ್ಯಾರಡ್ ಆಸುಪಾಸು ಮಾತ್ರ. ಇಷ್ಟು ದೊಡ್ಡ ಲೂಪಿಗೆ ಅದನ್ನು ಹಾಕಿದರೆ ಬ್ಯಾಂಡಿನ ಒಂದು ತುದಿ ಕೈಬಿಟ್ಟುಹೋಗುತ್ತದೆ.

## ಹಂತ 4: ಚೌಕಟ್ಟು

ಎರಡು ಉದ್ದ ಪಟ್ಟಿಗಳ ನಟ್ಟನಡುವೆ ಅರ್ಧ ದಪ್ಪಕ್ಕೆ ಕೊರೆದು, ಒಂದರೊಳಗೊಂದು ಕೂರುವಂತೆ ಗುಣಾಕಾರದ ಗುರುತಿನ ಹಾಗೆ ಜೋಡಿಸಿ. ಗೋಂದು ಹಾಕಿ, ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ನೋಡಿ ಒಣಗಲು ಬಿಡಿ.

ಸಣ್ಣ ತುಂಡುಗಳಲ್ಲಿ 5 ಮಿಲಿಮೀಟರಿಗೊಂದರಂತೆ 13 ಕಚ್ಚು ಹಾಕಿ. ಕೊನೆಯ ಕಚ್ಚಿನಿಂದ 1 ಸೆಂಟಿಮೀಟರ್ ಬಿಟ್ಟು ಇನ್ನೊಂದು. ಈ ತುಂಡುಗಳನ್ನು ಪಟ್ಟಿಗಳ ನಾಲ್ಕು ತುದಿಗೆ, ಲೂಪಿನ ಮುಖಕ್ಕೆ ಅಡ್ಡವಾಗಿ ಕೂರಿಸಿ. ಅಂದರೆ ಲೂಪನ್ನು ಎದುರಿನಿಂದ ನೋಡಿದಾಗ ಕಚ್ಚುಗಳ ಸಾಲು ನಿಮ್ಮ ಕಡೆಯಿಂದ ಹಿಂದಕ್ಕೆ ಹೋಗಬೇಕು. ಎದುರುಬದುರು ಕಚ್ಚುಗಳ ನಡುವೆ 85 ಸೆಂಟಿಮೀಟರ್ ಬಂದರೆ ಚೌಕದ ಒಂದು ಬದಿ ಸರಿಯಾಗಿ 60 ಸೆಂಟಿಮೀಟರ್ ಆಗುತ್ತದೆ.

ಗಟ್ಟಿ ಇರಲಿ ಅಂತ ಸುತ್ತಲೂ ಲೋಹದ ಪಟ್ಟಿ ಹೊಡೆಯಬೇಡಿ. ಮುಚ್ಚಿದ ಲೋಹದ ಬಳೆ ಷಾರ್ಟ್ ಆದ ಒಂದು ಸುತ್ತಿನಂತೆ ಕೆಲಸ ಮಾಡಿ ಲೂಪಿನ ಪ್ರಾಣ ಹೀರುತ್ತದೆ. ಒಂದೆರಡು ಸ್ಕ್ರೂ ಇದ್ದರೆ ತೊಂದರೆಯಿಲ್ಲ. ಕೆಳಗೆ ಭಾರದ ಮರದ ಪೀಠ ಕೊಡಿ, ಲೂಪು ಅದರ ಮೇಲೆ ಸುಲಭವಾಗಿ ಸುತ್ತಲೂ ತಿರುಗುವಂತಿರಲಿ.

## ಹಂತ 5: ಎಷ್ಟು ಸುತ್ತು, ಹೇಗೆ ಸುತ್ತುವುದು

60 ಸೆಂಟಿಮೀಟರ್ ಚೌಕಕ್ಕೆ, 5 ಮಿಲಿಮೀಟರ್ ಅಂತರದಲ್ಲಿ:

- 365 ಪಿಕೊಫ್ಯಾರಡ್ ಗ್ಯಾಂಗ್ ಇದ್ದರೆ 13 ಸುತ್ತು (ಸುಮಾರು 235 ಮೈಕ್ರೋಹೆನ್ರಿ, 31 ಮೀಟರ್ ವೈರು)
- 500 ಪಿಕೊಫ್ಯಾರಡ್ ಗ್ಯಾಂಗ್ ಇದ್ದರೆ 11 ಸುತ್ತು (ಸುಮಾರು 180 ಮೈಕ್ರೋಹೆನ್ರಿ, ಇಪ್ಪತ್ತಾರೂವರೆ ಮೀಟರ್)

ಜಾಗ ಕಡಿಮೆ ಅಂದರೆ 45 ಸೆಂಟಿಮೀಟರ್ ಚೌಕವೂ ಆದೀತು. ಆಗ ಸುತ್ತು 16 ಮತ್ತು 14. ಕಚ್ಚುಗಳೂ ಅದಕ್ಕೆ ತಕ್ಕಂತೆ ಹೆಚ್ಚಬೇಕು, ತುಂಡಿನ ಉದ್ದವೂ. ಸಿಗ್ನಲ್ ಮಾತ್ರ ಕಡಿಮೆ ಬರುತ್ತದೆ. ಲೂಪಿಗೆ ಮುಖ್ಯವಾದದ್ದು ಒಳಗಿನ ವಿಸ್ತೀರ್ಣ. ‘ಇನ್ನೂ ನಾಲ್ಕು ಸುತ್ತು ಹಾಕಿದರೆ ಇನ್ನೂ ಚೆನ್ನಾಗಿ ಬರುತ್ತದೆ’ ಅನ್ನುವುದು ತಪ್ಪು ಲೆಕ್ಕ. ಸುತ್ತು ಹೆಚ್ಚಾದರೆ ಬ್ಯಾಂಡಿನ ಮೇಲಿನ ತುದಿ ಸಿಗುವುದಿಲ್ಲ, ಅಷ್ಟೇ.

ಮೊದಲ ತುದಿಯನ್ನು ಕೆಳಗಿನ ಪಟ್ಟಿಗೆ ಕಟ್ಟಿ, ಗ್ಯಾಂಗಿಗೆ ಸಿಗುವಷ್ಟು ಬಾಲ ಬಿಡಿ. ಆಮೇಲೆ ಒಂದೇ ದಿಕ್ಕಿಗೆ ಸುತ್ತುತ್ತಾ ಹೋಗಿ. ನಡುವೆ ದಿಕ್ಕು ಬದಲಾದರೆ ಆ ಸುತ್ತುಗಳು ಉಳಿದವುಗಳ ಕೆಲಸವನ್ನು ಕಳೆದುಹಾಕುತ್ತವೆ. ವೈರು ಬಿಗಿಯಾಗಿರಲಿ, ಆದರೆ ಪಟ್ಟಿ ಬಾಗುವಷ್ಟು ಬೇಡ. ಒಬ್ಬರು ಸುರುಳಿ ಹಿಡಿದು, ಇನ್ನೊಬ್ಬರು ಚೌಕಟ್ಟು ತಿರುಗಿಸಿದರೆ ವೈರು ಗೋಜಲಾಗುವುದಿಲ್ಲ. ಕಚ್ಚು ತಪ್ಪಿಸಿ ಎರಡು ಸುತ್ತನ್ನು ಒತ್ತಾಗಿ ಹಾಕಬೇಡಿ. 5 ಮಿಲಿಮೀಟರ್ ಅಂತರ ಇಟ್ಟಿರುವುದು ಅಂದಕ್ಕಲ್ಲ. ವೈರುಗಳು ಒತ್ತಿಕೊಂಡಷ್ಟೂ ಅವುಗಳ ನಡುವಿನ ಕೆಪಾಸಿಟಿ ಏರುತ್ತದೆ, ಆಗಲೂ ಮೇಲಿನ ತುದಿಯೇ ಹೋಗುತ್ತದೆ.

ಲೂಪಿನ ಎರಡು ತುದಿಗಳಲ್ಲಿ ಒಂದನ್ನು ಗ್ಯಾಂಗಿನ ಮೈಗೆ, ಇನ್ನೊಂದನ್ನು ನಿಂತ ಪ್ಲೇಟಿನ ಟ್ಯಾಗಿಗೆ ಸಾಲ್ಡರ್ ಮಾಡಿ. ಗ್ಯಾಂಗನ್ನು ಕೆಳಗಿನ ಪಟ್ಟಿಗೇ ಕೂರಿಸಿ, ವೈರಿನ ಬಾಲ ಉದ್ದ ಬಿಡಬೇಡಿ. ಷಾಫ್ಟಿಗೆ ಪ್ಲಾಸ್ಟಿಕ್ ನಾಬ್ ಹಾಕಿ.

## ಹಂತ 6: ರೇಡಿಯೊಗೆ ಸೇರಿಸುವುದು

ಫೆರೈಟ್ ರಾಡ್ ಅಥವಾ ಫ್ರೇಮ್ ಏರಿಯಲ್ ಇರುವ ಸೆಟ್. ಲೂಪನ್ನು ರೇಡಿಯೊ ಪಕ್ಕದಲ್ಲಿ ಒಂದಡಿ ದೂರದಲ್ಲಿಡಿ. ರಾಡ್ ಲೂಪಿನ ಮುಖವನ್ನು ಚುಚ್ಚಿ ಹೋಗುವ ಬಾಣದಂತೆ ಇರಬೇಕು. ರಾಡ್ ಮತ್ತು ಲೂಪಿನ ಮುಖ ಸಮಾನಾಂತರವಾಗಿ ನಿಂತರೆ ಒಂದರದ್ದು ಇನ್ನೊಂದಕ್ಕೆ ಮುಟ್ಟುವುದೇ ಇಲ್ಲ. ‘ಲೂಪು ಸತ್ತಿದೆ’ ಅಂತ ದೂರುವವರ ಮನೆಯಲ್ಲಿ ಬಹಳ ಸಲ ನಡೆದಿರುವುದು ಇದೇ. ಫ್ರೇಮ್ ಏರಿಯಲ್ ಆದರೆ ಎರಡೂ ಚೌಕಗಳು ಮುಖಾಮುಖಿ ಇರಲಿ.

‘ಎ’ ಮತ್ತು ‘ಇ’ ಸಾಕೆಟ್ ಇರುವ ಸೆಟ್. ಬೇರೆ ಬಿಟ್ಟಿದ್ದ ಕೊನೆಯ ಕಚ್ಚಿನಲ್ಲಿ ಪ್ರತ್ಯೇಕ ವೈರಿನಿಂದ ಒಂದೇ ಒಂದು ಸುತ್ತು ಹಾಕಿ. ಇದು ಮುಖ್ಯ ಸುತ್ತಿಗೆ ಎಲ್ಲೂ ಕೂಡಬಾರದು. ಇದರ ಎರಡು ತುದಿಗಳನ್ನು ಹೆಣೆದು ರೇಡಿಯೊ ತನಕ ತಂದು ಎರಡು ಸಾಕೆಟ್ಟಿಗೆ ಕೊಡಿ. ಸೆಟ್ ಮೊದಲ ಹಂತದ ಪರೀಕ್ಷೆ ದಾಟಿರಬೇಕು, ಮರೆಯಬೇಡಿ. ಶಬ್ದ ಸಣ್ಣದಾಗಿದ್ದರೆ ಎರಡು ಅಥವಾ ಮೂರು ಸುತ್ತು ಮಾಡಿ ನೋಡಿ. ಅದಕ್ಕಿಂತ ಹೆಚ್ಚು ಬೇಡ, ಟ್ಯೂನಿಂಗ್ ಮೊಂಡಾಗುತ್ತದೆ.

ಮುಖ್ಯ ಲೂಪಿನ ತುದಿಗಳನ್ನೇ ನೇರವಾಗಿ ಏರಿಯಲ್ ಸಾಕೆಟ್ಟಿಗೆ ಕೊಡುವುದು ಎಲ್ಲರೂ ಮಾಡುವ ತಪ್ಪು. ರೇಡಿಯೊದ ಒಳಗಿನ ಕಾಯಿಲ್ ಲೂಪನ್ನು ಎಳೆದು ಅದರ ಚುರುಕನ್ನೆಲ್ಲ ಕಳೆದುಬಿಡುತ್ತದೆ. ಗ್ಯಾಂಗ್ ಎಷ್ಟು ತಿರುಗಿಸಿದರೂ ಎಲ್ಲೂ ಒಂದೇ ಥರ ಕೇಳುತ್ತದೆ.

## ಹಂತ 7: ಟ್ಯೂನ್ ಮಾಡುವ ಕ್ರಮ

ಮೊದಲು ರೇಡಿಯೊ, ಆಮೇಲೆ ಲೂಪು, ಕೊನೆಗೆ ದಿಕ್ಕು. ಈ ಕ್ರಮ ತಪ್ಪಿದರೆ ಎರಡು ನಾಬ್‌ಗಳ ನಡುವೆ ಅಲೆದಾಟವೇ ಆಗುತ್ತದೆ.

ಹಗಲಿನಲ್ಲಿ, ಅರೆಬರೆ ಕೇಳುವ ದೂರದ ಸ್ಟೇಷನ್ ಒಂದನ್ನು ರೇಡಿಯೊದಲ್ಲಿ ಹಿಡಿಯಿರಿ. ಜೋರಾಗಿ ಬರುವ ಹತ್ತಿರದ ಸ್ಟೇಷನ್ ಬೇಡ. ಸೂಪರ್‌ಹೆಟ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಇರುವ ಎವಿಸಿ (ಶಬ್ದವನ್ನು ತಾನೇ ಹದ ಮಾಡುವ ಏರ್ಪಾಡು), ಸಿಗ್ನಲ್ ಹೆಚ್ಚಾದಂತೆ ತಾನೇ ಸೆಟ್ಟಿನ ಬಲ ತಗ್ಗಿಸುತ್ತದೆ. ಹಾಗಾಗಿ ಜೋರು ಸ್ಟೇಷನ್ನಿನಲ್ಲಿ ಲೂಪು ಕೆಲಸ ಮಾಡಿದರೂ ಶಬ್ದ ಏರುವುದಿಲ್ಲ, ನಿಮಗೆ ಮಾತ್ರ ಬೇಸರ ಬರುತ್ತದೆ.

ಈಗ ಗ್ಯಾಂಗನ್ನು ತುಂಬಾ ನಿಧಾನವಾಗಿ ತಿರುಗಿಸಿ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ನಾಬ್ ಕೂದಲೆಳೆಯಷ್ಟು ಸರಿಯುವುದರಲ್ಲಿ ಹಿಸ್ ಅನ್ನುವ ಸದ್ದು ಕೆಳಗಿಳಿದು ಮಾತು ಮೇಲೇಳುತ್ತದೆ. ಇನ್ನೊಂದು ಕೂದಲೆಳೆ ಮುಂದೆ ಹೋದರೆ ಮತ್ತೆ ಮಾಯ. ಮ್ಯಾಜಿಕ್ ಐ (ಸಿಗ್ನಲ್ಲಿನ ಬಲ ತೋರಿಸುವ ಹಸಿರು ದೀಪ) ಇರುವ ಸೆಟ್ಟಾದರೆ ಕಿವಿಯನ್ನೂ ನಂಬಬೇಕಾಗಿಲ್ಲ: ಹಸಿರು ಬೆಳಕಿನ ನಡುವಿನ ಕಪ್ಪು ಸಂದು ಕಿರಿದಾಗುತ್ತಾ ಬರುವುದು ಕಾಣುತ್ತದೆ. ಅದು ಅತಿ ಕಿರಿದಾದ ಕಡೆ ನಿಲ್ಲಿಸಿ. ಬೇರೆ ಸ್ಟೇಷನ್ನಿಗೆ ಹೋದಾಗಲೆಲ್ಲ ಇದನ್ನು ಹೊಸದಾಗಿ ಮಾಡಬೇಕು.

ಕೊನೆಗೆ ದಿಕ್ಕು. ಲೂಪಿನ ಅಂಚು ಸ್ಟೇಷನ್ನಿನ ಕಡೆ ನೋಡುವಾಗ ಸಿಗ್ನಲ್ ಅತಿ ಹೆಚ್ಚು, ಅಗಲ ಮುಖ ಸ್ಟೇಷನ್ನಿನ ಕಡೆ ನೋಡುವಾಗ ಅತಿ ಕಡಿಮೆ. ಕಡಿಮೆಯಾಗುವ ಈ ಬಿಂದು ತುಂಬಾ ಚೂಪು. ಹೊರಗಿನ ಗದ್ದಲಕ್ಕೆ ಮದ್ದು ಅಂದೆನಲ್ಲ, ಅದು ಇದೇ. ಸ್ಟೇಷನ್ ಎಷ್ಟು ಏರಿತು ಅಂತ ನೋಡುವುದಕ್ಕಿಂತ, ಗದ್ದಲ ಎಲ್ಲಿ ಸಾಯುತ್ತದೆ ನೋಡಿ ಲೂಪನ್ನು ಅಲ್ಲಿಗೆ ತಿರುಗಿಸಿ. ಸ್ಟೇಷನ್ ಸ್ವಲ್ಪ ಕುಗ್ಗಿದರೂ ಕೇಳಲು ಹಿತವಾಗಿರುತ್ತದೆ. ಒಳಗೇ ಫೆರೈಟ್ ರಾಡ್ ಇರುವ ಸೆಟ್ಟಾದರೆ ಲೂಪಿನ ಜೊತೆ ರೇಡಿಯೊವನ್ನೂ ತಿರುಗಿಸಬೇಕು, ಇಲ್ಲದಿದ್ದರೆ ಎರಡರ ಹೊಂದಾಣಿಕೆ ತಪ್ಪುತ್ತದೆ.

ರಾತ್ರಿ ಸ್ಟೇಷನ್ ಬಂದು ಬಂದು ಹೋಗುತ್ತಿದ್ದರೆ ಲೂಪಿನ ತಪ್ಪಲ್ಲ. ಸೂರ್ಯ ಮುಳುಗಿದ ಮೇಲೆ ಮೀಡಿಯಂ ವೇವ್ ಅಲೆಗಳು ಮೇಲಿನ ವಾತಾವರಣದಿಂದ ತಿರುಗಿ ಬರುತ್ತವೆ, ಆ ದಾರಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತದೆ. ಲೂಪನ್ನು ಅಳೆಯುವ ಕೆಲಸ ಹಗಲಲ್ಲೇ ಮುಗಿಸಿಬಿಡಿ.

## ಸರಿಯಾಗಿ ಬರದಿದ್ದರೆ

ಪ್ಲೇಟುಗಳು ಪೂರ್ತಿ ಒಳಗೆ ಹೋದರೂ ಶಬ್ದ ಇನ್ನೂ ಏರುತ್ತಲೇ ಇದೆ: ಸುತ್ತು ಕಡಿಮೆಯಾಗಿದೆ. ಒಂದು ಸುತ್ತು ಸೇರಿಸಿ.

ಪ್ಲೇಟುಗಳು ಪೂರ್ತಿ ಹೊರಗೆ ಬಂದಾಗ ಹಾಗಾಗುತ್ತಿದೆ: ಸುತ್ತು ಹೆಚ್ಚಾಗಿದೆ, ಅಥವಾ ಟ್ರಿಮ್ಮರ್ ಇನ್ನೂ ಬಿಗಿಯಾಗಿದೆ. ಮೊದಲು ಟ್ರಿಮ್ಮರ್ ನೋಡಿ, ಆಮೇಲೆ ಒಂದು ಸುತ್ತು ಬಿಚ್ಚಿ.

ಎಲ್ಲೂ ಏನೂ ಆಗುತ್ತಿಲ್ಲ: ಗ್ಯಾಂಗಿನ ಒಂದು ವೈರು ಬಿಚ್ಚಿ, ಲೂಪಿನ ಎರಡು ತುದಿಯ ನಡುವೆ ಅಳೆಯಿರಿ. ಕೆಲವೇ ಓಮ್ಸ್ ತೋರಿಸಬೇಕು. ತೋರಿಸಿದರೆ ವೈರು ಸರಿಯಿದೆ, ತಪ್ಪು ಗ್ಯಾಂಗಿನ ಷಾರ್ಟ್‌ನಲ್ಲಿದೆ ಅಥವಾ ರಾಡ್ ನಿಂತ ದಿಕ್ಕಿನಲ್ಲಿದೆ.

ಕೈ ತೆಗೆದ ಕೂಡಲೇ ಸ್ಟೇಷನ್ ಜಾರುತ್ತದೆ: ನಿಮ್ಮ ಮೈಯೂ ಕಂಡೆನ್ಸರಿನ ಭಾಗವಾಗಿಬಿಟ್ಟಿದೆ. ನಾಬ್ ಹಿಡಿಯುವ ಲೋಹದ ಸ್ಕ್ರೂ ಬೆರಳಿಗೆ ತಾಗುತ್ತಿದೆಯೇ ನೋಡಿ. ಆದರೂ ಹೋಗದಿದ್ದರೆ ಷಾಫ್ಟಿಗೆ ಹತ್ತು ಸೆಂಟಿಮೀಟರ್ ಉದ್ದದ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ ಜೋಡಿಸಿ, ಅದರ ತುದಿಗೆ ನಾಬ್ ಹಾಕಿ.

ಕೂಗು, ಸೀಟಿ, ಅಥವಾ ಅಕ್ಕಪಕ್ಕ ಎರಡು ಕಡೆ ಶಬ್ದ ಏರುವುದು: ಲೂಪು ರೇಡಿಯೊಗೆ ತೀರಾ ಹತ್ತಿರ ಇದೆ. ದೂರ ಸರಿಸಿ. ಹತ್ತಿರದ ಜೋರು ಸ್ಟೇಷನ್ ಡಯಲಿನ ಮೂರ್ನಾಲ್ಕು ಕಡೆ ಕೇಳತೊಡಗಿದರೂ ಇದೇ ಮದ್ದು.

ಸ್ಟೇಷನ್ ಹಿಡಿದಾಗ ಮಾತ್ರ ‘ಹಮ್’: ಹತ್ತಿರದ ಯಾವುದೋ ಅಡಾಪ್ಟರಿನ ಕೆಲಸ ಇರಬಹುದು, ಎರಡನೆಯ ಹಂತಕ್ಕೆ ವಾಪಸ್ ಹೋಗಿ. ಸ್ಟೇಷನ್ ಇಲ್ಲದ ಕಡೆಯೂ ಅಷ್ಟೇ ಹಮ್ ಇದ್ದರೆ ಅದು ಸೆಟ್ಟಿನೊಳಗಿನ ಹಳೆಯ ಫಿಲ್ಟರ್ ಕಂಡೆನ್ಸರಿನ ಕೂಗು. ಅದಕ್ಕೆ ಆಂಟೆನಾ ಏನೂ ಮಾಡಲಾರದು. ಸೆಟ್ ಬಿಸಿಯಾಗಿ ಸುಟ್ಟ ವಾಸನೆ ಬಂದರಂತೂ ತಕ್ಷಣ ಆಫ್ ಮಾಡಿ ರಿಪೇರಿಗೆ ಕೊಡಿ.

## ಶಾರ್ಟ್‌ವೇವ್, ಎಫ್‌ಎಂ ಕೇಳುವವರಿಗೆ

ಈ ಲೂಪು ಅವುಗಳಿಗೆ ಆಗುವುದಿಲ್ಲ. ಶಾರ್ಟ್‌ವೇವ್‌ಗೆ ಕೋಣೆಯ ಗೋಡೆಯ ಮೇಲ್ಭಾಗದಲ್ಲಿ 10ರಿಂದ 12 ಮೀಟರ್ ಹೊದಿಕೆಯ ವೈರು ಎಳೆದು ‘ಎ’ ಸಾಕೆಟ್ಟಿಗೆ ಕೊಟ್ಟರೆ 49 ಮೀಟರ್ ಬ್ಯಾಂಡ್ ಮಟ್ಟಿಗೆ ಸಾಕು. ವೈರನ್ನು ಮೇನ್ಸ್ ವೈರಿಂಗಿನ ಜೊತೆಜೊತೆಗೆ ಓಡಿಸಬೇಡಿ. ಕಿಟಕಿಯಿಂದ ಹೊರಗೆ ಬಿಡಬೇಡಿ, ಹೊರಗೆ ಹೋದರೆ ಸಿಡಿಲಿಗೆ ಬೇರೆಯೇ ಏರ್ಪಾಡು ಬೇಕು. ಷಾಸಿಯ ಪರೀಕ್ಷೆ ಇಲ್ಲಿಗೂ ಅನ್ವಯ.

ಎಫ್‌ಎಂ ಇರುವ ವಾಲ್ವ್ ಸೆಟ್‌ಗಳ ಹಿಂದೆ ಸಾಮಾನ್ಯವಾಗಿ ಅದಕ್ಕೇ ಬೇರೆ ಜೋಡಿ ಸಾಕೆಟ್ ಇರುತ್ತದೆ. 300 ಓಮ್ಸ್‌ನ ಚಪ್ಪಟೆ ರಿಬ್ಬನ್ ವೈರನ್ನು ಒಂದೂವರೆ ಮೀಟರ್ ಕತ್ತರಿಸಿ, ಎರಡೂ ತುದಿಗಳಲ್ಲಿ ಒಳಗಿನ ಎರಡು ತಂತಿಗಳನ್ನು ಪರಸ್ಪರ ಕೂಡಿಸಿ. ಆಮೇಲೆ ಒಂದು ತಂತಿಯನ್ನು ಮಾತ್ರ ನಟ್ಟನಡುವೆ ಕತ್ತರಿಸಿ. ಕತ್ತರಿಸಿದ ಎರಡು ತುದಿಗಳಿಗೆ ಅದೇ ರಿಬ್ಬನ್ ವೈರಿನ ಇನ್ನೊಂದು ತುಂಡು ಕೂಡಿಸಿ ಸಾಕೆಟ್ಟಿಗೆ ತನ್ನಿ. ಇಂಗ್ಲಿಷಿನ ‘ಟಿ’ ಆಕಾರದಲ್ಲಿ ಗೋಡೆಗೆ ಅಂಟಿಸಿ, ಅದರ ಅಗಲ ಮುಖ ಸ್ಟೇಷನ್ನಿನ ಕಡೆ ಇರಲಿ.